ಹತ್ತೊಂಬತ್ತನೆಯ ಬ್ಲಾಕು, ಏಳನೆಯ ಪದರದ ಕೆಳಗೆ

ಜನವರಿ 12

ಪ್ರೀತಿಯ ದೊಡ್ಡಮ್ಮನವರಿಗೆ,

ನೀವು ಕಟ್ಟಿದ ಅಣೆಕಟ್ಟಿನ ನೆತ್ತಿಯ ಮೇಲೆ ಕುಳಿತು ಈ ಪತ್ರ ಬರೆಯುತ್ತಿದ್ದೇನೆ. ಇದು ಉತ್ಪ್ರೇಕ್ಷೆಯಲ್ಲ. ನನ್ನ ಕಚೇರಿಯ ಎಡ ಕಿಟಕಿಯಲ್ಲಿ ನೀರು, ಬಲ ಕಿಟಕಿಯಲ್ಲಿ ನೂರೆಪ್ಪತ್ತು ಅಡಿ ಆಳದ ಬರಿಯ ಗಾಳಿ. ತರಗತಿಗೆ ಮೊದಲಿಗರಾದವರಿಗೆ ಕೆಲಸದ ಜಾಗವನ್ನು ತಾವೇ ಆರಿಸಿಕೊಳ್ಳುವ ಅವಕಾಶವಿತ್ತು. ಎರಡನೆಯವನೂ ಮೂರನೆಯವಳೂ ರಾಜಧಾನಿಯ ಸೇತುವೆಗಳಿಗಾಗಿ ಕಾದು ಕುಳಿತಿದ್ದರು. ನಾನು ಇದನ್ನು ಆರಿಸಿದಾಗ ಅವರ ಮುಖ ನೀವು ನೋಡಬೇಕಿತ್ತು. ಕಾರಣ ನೀವು ಎಂದರೆ ಅರ್ಧ ಸತ್ಯ. ಹಳೆಯ ಅಣೆಕಟ್ಟಿನಲ್ಲಿ ಹೊಸಬರು ಹೆಸರು ಮಾಡುವಷ್ಟು ತೊಂದರೆಗಳಿರುತ್ತವೆ ಎಂಬುದು ಉಳಿದರ್ಧ.

ತೊಂದರೆ ಕಾಯುತ್ತಲೇ ಇತ್ತು. ಅಣೆಕಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಓಣಿ ಇದೆಯಲ್ಲ, ನಾವು ಗ್ಯಾಲರಿ ಎನ್ನುತ್ತೇವೆ, ಅಲ್ಲಿ ಹತ್ತೊಂಬತ್ತನೆಯ ಬ್ಲಾಕಿನ ಬಳಿ ಚರಂಡಿಗೆ ಬೀಳುವ ಸೋರಿಕೆ ಒಂದೇ ವರ್ಷದಲ್ಲಿ ನಿಮಿಷಕ್ಕೆ ಒಂಬತ್ತು ಲೀಟರಿನಿಂದ ಇಪ್ಪತ್ತೆರಡಕ್ಕೆ ಏರಿದೆ. ಕಾರಣ ಹುಡುಕುವ ಹೊಣೆ ನನ್ನದು. ನಲವತ್ತೈದು ವರ್ಷ ಹಿಂದಿನ ದಾಖಲೆಗಳನ್ನು ತರಿಸಿಕೊಂಡೆ. ಒಂದು ದಪ್ಪ ಪುಸ್ತಕದಲ್ಲಿ ಪ್ರತಿ ಪದರದ ಕಾಂಕ್ರೀಟಿಗೂ ಒಂದೊಂದು ಸಾಲು: ದಿನಾಂಕ, ಬ್ಲಾಕು, ಪದರ, ಎಂಜಿನಿಯರರ ಸಹಿ. ಕೊನೆಯಲ್ಲಿ ಯಾವ ಪಠ್ಯಪುಸ್ತಕದಲ್ಲೂ ನಾನು ಕಾಣದ ಒಂದು ಕಲಂ. ಅದರ ತಲೆಯ ಮೇಲೆ ಬರೆದಿರುವುದು ಒಂದೇ ಪದ: ‘ಪಾದ’. ಕೆಳಗೆ, ಮೊದಲ ಪುಟಗಳ ಉದ್ದಕ್ಕೂ, ನಿಮ್ಮ ಸಹಿ.

ನೀವು ಆ ಕೆಲಸವನ್ನು ಇನ್ನೊಬ್ಬಳ ಕಷ್ಟ ನೋಡಲಾರದೆ ಬಿಟ್ಟುಕೊಟ್ಟಿರಿ ಎಂದು ಅಮ್ಮ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಆದರೆ ಕೆಲಸವೇನೆಂದು ಆಕೆಗೂ ಸರಿಯಾಗಿ ತಿಳಿಯದು. ಆಗ ಒಂಬತ್ತು ವರ್ಷದವಳು. ವರದಿಯಲ್ಲಿ ನಿರ್ಮಾಣದ ಇತಿಹಾಸಕ್ಕೆಂದು ಒಂದು ಅಧ್ಯಾಯವಿರುತ್ತದೆ. ನೆನಪಿರುವುದನ್ನು ಬರೆದು ಕಳಿಸುವಿರಾ? ಫೋನಿನಲ್ಲಿ ನಿಮಗೆ ಕಿವಿ ಕೇಳದು ಎಂಬುದು ಗೊತ್ತಿದ್ದೇ ಅಂಚೆಯ ದಾರಿ ಹಿಡಿದಿದ್ದೇನೆ.

ನಿಮ್ಮ ಮಗಳು


ಜನವರಿ 25

ಚಿನ್ನದ ಪದಕದವಳಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನ ಕಾಗದ ಓದಿ ಎರಡು ದಿನ ನನ್ನ ಕೆಲಸ ಕೆಟ್ಟಿತು. ಪ್ರೆಸ್ಸಿನಲ್ಲಿ ನೋಟುಪುಸ್ತಕ ಹೊಲಿಯುವ ಕೈ ನನ್ನದು, ಗೊತ್ತಲ್ಲ. ಎಂಟು ಹಾಳೆ ಇಡುವಲ್ಲಿ ಹತ್ತು ಇಟ್ಟು ಮಾಲೀಕನಿಂದ ಬೈಸಿಕೊಂಡೆ. ‘ಏನಜ್ಜೀ, ಮನಸ್ಸು ಎಲ್ಲಿ ಮೇಯ್ತಿದೆ?’ ಅಂದ. ‘ನೀನು ಹುಟ್ಟೋಕೂ ಮುಂಚಿನ ಹುಲ್ಲುಗಾವಲಲ್ಲಿ’ ಅಂದೆ.

ಕಾಂಕ್ರೀಟು ಗಟ್ಟಿಯಾಗುವಾಗ ಅದರ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಬಿಳಿ ಪೊರೆ ಕಟ್ಟುತ್ತದೆ. ನಾವು ಅದನ್ನು ಕೆನೆ ಎಂದೇ ಕರೆಯುತ್ತಿದ್ದೆವು. ಅದನ್ನು ತೆಗೆಯದೆ ಮೇಲೆ ಇನ್ನೊಂದು ಪದರ ಸುರಿದರೆ ಎರಡೂ ಕೂಡಿಕೊಳ್ಳುವುದಿಲ್ಲ, ಒಂದೇ ಸೂರಿನ ಕೆಳಗೆ ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ. ಹದಿನಾಲ್ಕು ಹೆಂಗಸರು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಿದ್ದರು. ಉಜ್ಜಿದ್ದು ಸಾಕೋ ಇಲ್ಲವೋ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ನೀರು ಬಿದ್ದರೆ ಎಲ್ಲ ಒಂದೇ ಬೂದಿ ಬಣ್ಣ. ನಮ್ಮ ಎಂಜಿನಿಯರು ಒಬ್ಬ ವಿಚಿತ್ರ ಮನುಷ್ಯ. ‘ಬೂಟಿಗೆ ಬುದ್ಧಿ ಇಲ್ಲ, ಪಾದಕ್ಕಿದೆ’ ಎನ್ನುತ್ತಿದ್ದ. ಬರಿಗಾಲ ಸಾಹೇಬ ಎಂದು ನಾವೇ ಹೆಸರಿಟ್ಟೆವು. ಒಂದು ದಿನ ಐದು ಕಾಂಕ್ರೀಟು ಹಲಗೆಗಳನ್ನು ಸಾಲಾಗಿ ಇಟ್ಟು, ನಮ್ಮೆಲ್ಲರ ಕಣ್ಣಿಗೆ ಬಟ್ಟೆ ಕಟ್ಟಿಸಿ ನಡೆಸಿದ. ಯಾವುದರ ಮೇಲೆ ಕೆನೆ ಇದೆ, ಯಾವುದರ ಮೇಲೆ ಇಲ್ಲ? ಐದಕ್ಕೆ ಐದೂ ಹೇಳಿದವಳು ನಾನೊಬ್ಬಳೇ. ಕೆನೆ ಅಂಗಾಲಿಗೆ ಸಾಬೂನಿನ ಹಾಗೆ ಹತ್ತುತ್ತದೆ, ಶುದ್ಧ ಕಾಂಕ್ರೀಟು ತುರಿಮಣೆಯ ಹಾಗೆ ಕಚ್ಚುತ್ತದೆ. ಇಷ್ಟೇ ವಿದ್ಯೆ. ಅದಕ್ಕೆ ಪದಕ ಕೊಡಲಿಲ್ಲ, ಬೀಗವಿರುವ ಒಂದು ಕೋಣೆ ಕೊಟ್ಟರು.

ಅಂದಿನಿಂದ ನಾನು ಮೂಲೆಯಿಂದ ಮೂಲೆಗೆ ನಡೆದು ‘ಒರಟು’ ಎಂದರೆ ಕಾಂಕ್ರೀಟು ಬೀಳಬೇಕು, ‘ಕೆನೆ’ ಎಂದರೆ ಹದಿನಾಲ್ಕು ಜನ ಮತ್ತೆ ಉಜ್ಜಬೇಕು. ಅವರು ಬಯ್ಯುವುದನ್ನು ನೀನು ಕೇಳಬೇಕಿತ್ತು! ‘ನಿನ್ನ ಕಾಲಿಗೆ ಮುಳ್ಳು ಮುರಿಯ, ಇನ್ನೆಷ್ಟು ತಿಕ್ಕೋದೇ?’ ತಲೆಯ ಮೇಲೆ ತಂತಿಯಲ್ಲಿ ಆರು ಟನ್ನಿನ ತೊಟ್ಟಿ ತೂಗುತ್ತಿರುತ್ತಿತ್ತು. ಅದನ್ನು ನಡೆಸುವ ಕ್ರೇನಿನವನದು ಇನ್ನೊಂದು ಪಲ್ಲವಿ: ‘ಏನಮ್ಮಾ ಮಹಾರಾಣಿ, ಮೆರವಣಿಗೆ ಮುಗೀತಾ?’ ‘ಅವಸರಕ್ಕೆ ಇದೇನು ನಿನ್ನ ಅಪ್ಪನ ಮದುವೇನಾ, ಇರು!’ ಎನ್ನುತ್ತಿದ್ದೆ ನಾನು.

ನಿನ್ನ ಅಧ್ಯಾಯಕ್ಕೆ ಇಷ್ಟು ಸಾಕಲ್ಲವೇ? ಚಳಿಯಲ್ಲಿ ಗ್ಯಾಲರಿಗೆ ಇಳಿಯುವಾಗ ತಲೆಗೆ ಬಟ್ಟೆ ಸುತ್ತಿಕೋ.

ದೊಡ್ಡಮ್ಮ


ಫೆಬ್ರವರಿ 4

ದೊಡ್ಡಮ್ಮನವರಿಗೆ,

ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಅತ್ತೆ ಸೊಸೆಯರನ್ನು ಬಿಟ್ಟು ಉಳಿದದ್ದನ್ನೆಲ್ಲ ವರದಿಯಲ್ಲಿ ಬಳಸಿಕೊಳ್ಳುತ್ತೇನೆ.

ನನ್ನ ತನಿಖೆ ಬಹುಮಟ್ಟಿಗೆ ಮುಗಿಯಿತು. ಸೋರಿಕೆಗೆ ಎರಡೇ ಕಾರಣಗಳು ಸಾಧ್ಯ. ಒಂದು, ಎರಡು ಪದರಗಳ ನಡುವಿನ ಬೆಸುಗೆ ಸಡಿಲವಾಗಿ ನೀರು ಅಣೆಕಟ್ಟಿನ ಮೈಯೊಳಗಿನಿಂದಲೇ ಬರುತ್ತಿರಬೇಕು. ಹಾಗಿದ್ದರೆ ರಂಧ್ರ ಕೊರೆದು ಸಿಮೆಂಟು ಹಾಲು ತುಂಬಿದರಾಯಿತು, ಒಂದು ತಿಂಗಳ ಕೆಲಸ. ಇಲ್ಲವೇ ಅಡಿಯ ಬಂಡೆಯೇ ಬಿರಿದಿರಬೇಕು. ಅದು ಗಂಭೀರ. ಜಲಾಶಯವನ್ನು ಪೂರ್ತಿ ಖಾಲಿ ಮಾಡದೆ ಬಂಡೆಯನ್ನು ಮುಟ್ಟುವಂತಿಲ್ಲ. ಮೊದಲನೆಯದನ್ನು ನಾನು ತಳ್ಳಿಹಾಕಿದ್ದೇನೆ. ಆಧಾರ ನಿಮಗೆ ಹೆಮ್ಮೆ ತರಬೇಕು: ಹತ್ತೊಂಬತ್ತನೆಯ ಬ್ಲಾಕಿನ ಕೆಳಗಿನ ಪದರಗಳೆಲ್ಲಕ್ಕೂ ‘ಪಾದ’ದ ಕಲಮಿನಲ್ಲಿ ನಿಮ್ಮ ಸಹಿ ಇದೆ. ಐದಕ್ಕೆ ಐದೂ ಹೇಳಿದ ಪಾದ ಹಾದುಹೋದ ಬೆಸುಗೆ ಕೆಟ್ಟಿರಲು ಸಾಧ್ಯವಿಲ್ಲ. ಉಳಿದದ್ದು ಬಂಡೆ. ಜಲಾಶಯವನ್ನು ಖಾಲಿ ಮಾಡಬೇಕೆಂದು ಶಿಫಾರಸು ಬರೆಯುತ್ತಿದ್ದೇನೆ. ಮೂರು ಪಟ್ಟಣಗಳಿಗೆ ಒಂದು ಬೇಸಿಗೆ ನೀರಿಲ್ಲ, ಕಾಲುವೆಯ ಕೆಳಗೆ ಒಂದು ಬೆಳೆ ಇಲ್ಲ. ಕಠಿಣವಾದ ಮಾತು, ಆದರೆ ಎಂಜಿನಿಯರು ಕಠಿಣವಾದದ್ದನ್ನು ಹೇಳಲೇಬೇಕು.

ಇಲ್ಲಿ ಎಲ್ಲರಿಗೂ ಅವರವರದೇ ಸಿದ್ಧಾಂತವಿದೆ. ಗ್ಯಾಲರಿಯಲ್ಲಿ ಪಂಪು ನಡೆಸುವ ಮುದುಕ ನಿನ್ನೆ ನನ್ನನ್ನು ತಡೆದು, ‘ಮೇಡಂ, ಈ ನೀರು ತಳದ್ದಲ್ಲ. ತಳದ ನೀರು ವರ್ಷವಿಡೀ ಒಂದೇ ತರ ತಣ್ಣಗಿರುತ್ತೆ. ಇದು ಬೇಸಿಗೇಲಿ ಬೆಚ್ಚಗಾಗುತ್ತೆ. ನನ್ನ ಕೈಗೆ ಗೊತ್ತು’ ಎಂದ. ಗೋಡೆಯ ಮೇಲೆ ಒಂದು ತೇವದ ಗೆರೆ ತೋರಿಸಿ, ಬರುವುದು ಇಲ್ಲಿಂದಲೇ ಎಂದು ಪಟ್ಟುಹಿಡಿದ. ಅದು ಗೋಡೆ ಬೆವರಿದ್ದು ಎಂದು ತಿಳಿಸಿ ಹೇಳಿದೆ. ‘ಆಗಲಿ ಮೇಡಂ, ಬೆವರೇ ಅನ್ನಿ. ಇಪ್ಪತ್ತೆರಡು ಲೀಟರ್ ಬೆವರು’ ಎಂದು ನಕ್ಕ. ನನಗೆ ನಗು ಬರಲಿಲ್ಲ.

ನಿಮ್ಮ ಮಗಳು


ಫೆಬ್ರವರಿ 10

ಮಗಳೇ,

ಆ ತೇವದ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆ? ಮೊಣಕಾಲಿಗೋ, ಭುಜಕ್ಕೋ? ನೀರಿನ ಕಡೆಯ ಗೋಡೆಯೋ, ಈಚೆ ಕಡೆಯದೋ? ಆ ಎತ್ತರದ ಪದರ ಸುರಿದ ತಾರೀಖು ಪುಸ್ತಕದಲ್ಲಿ ಏನಿದೆ?

ಪಂಪಿನವರ ಮಾತು ಸುಮ್ಮನೆ ತಳ್ಳಬೇಡ. ವರ್ಷಗಟ್ಟಲೆ ಅದೇ ನೀರಿನಲ್ಲಿ ಕೈಯಿಟ್ಟವರು. ಮುದುಕ ಅಂತ ಬರೆದಿದ್ದೀಯ. ನಾನೂ ಮುದುಕಿಯೇ. ಪುಸ್ತಕದಲ್ಲಿ ಸಹಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಎಂದು ಬರೆದುಬಿಡಬೇಡ. ಸಹಿ ಹಾಕುವುದು ಕೈ.

ಬೇಗ ಬರೆ.

ದೊಡ್ಡಮ್ಮ


ಫೆಬ್ರವರಿ 17

ದೊಡ್ಡಮ್ಮನವರಿಗೆ,

ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ: ಭುಜದ ಎತ್ತರ. ನೀರಿನ ಕಡೆಯ ಗೋಡೆ. ಆ ಮಟ್ಟಕ್ಕೆ ಸರಿಹೊಂದುವುದು ಆರನೆಯ ಪದರದ ತಲೆ, ಏಳನೆಯದರ ತಳ. ಏಳನೆಯದನ್ನು ಸುರಿದದ್ದು ಅಕ್ಟೋಬರ್ ಹತ್ತೊಂಬತ್ತರಂದು. ಷರಾದಲ್ಲಿ ‘ಹಿಂದಿನ ದಿನ ತುಂತುರು ಮಳೆ’ ಎಂದಿದೆ. ‘ಪಾದ’ದಲ್ಲಿ ಎಂದಿನಂತೆ ನಿಮ್ಮ ಸಹಿ. ಅದಾದ ಮರುದಿನದಿಂದ ಬೇರೆಯವರದು. ನೀವು ಕೆಲಸ ಬಿಟ್ಟುಕೊಟ್ಟದ್ದು ಆಗಲೇ ಎಂದು ಕಾಣುತ್ತದೆ.

ಇನ್ನು ನಿಮ್ಮ ಬುದ್ಧಿಮಾತು. ಕೋಪಿಸಿಕೊಳ್ಳಬೇಡಿ, ಆದರೆ ನನಗೆ ಸ್ವಲ್ಪ ಬೇಸರವಾಯಿತು. ವಯಸ್ಸಾದ ಮೇಲೆ ತಾವು ಮಾಡಿದ ಒಳ್ಳೆಯ ಕೆಲಸವನ್ನೂ ಶಂಕಿಸುವುದು ಸಹಜವೆಂದು ಎಲ್ಲೋ ಓದಿದ್ದೇನೆ. ನಿಮ್ಮ ವಿನಯ ನಿಮಗೆ ಶೋಭೆ. ವರದಿಯಲ್ಲಿ ವಿನಯಕ್ಕೆ ಸ್ಥಾನವಿಲ್ಲ. ದೊಡ್ಡಮ್ಮ, ನಾನು ನಾಲ್ಕು ವರ್ಷ ಕಲಿತ ಗಣಿತಕ್ಕಿಂತ ನಿಮ್ಮ ಅಂಗಾಲನ್ನು ಹೆಚ್ಚು ನಂಬುತ್ತೇನೆ. ಇದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಬರೆಯಲು ಬಾರದು.

ನಿಮ್ಮ ಮಗಳು


ಮಾರ್ಚ್ 6

ದೊಡ್ಡಮ್ಮನವರಿಗೆ,

ಹದಿನೇಳು ದಿನವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಆರೋಗ್ಯವೇ? ನನ್ನ ಹಿಂದಿನ ಪತ್ರ ಒರಟಾಗಿದ್ದರೆ ಮನ್ನಿಸಿ. ಪ್ರೆಸ್ಸಿಗೆ ಫೋನು ಮಾಡಿದೆ. ‘ಚೆನ್ನಾಗಿದ್ದಾರೆ, ಆದ್ರೆ ಮಾತೇ ಇಲ್ಲ’ ಎಂದರು. ನೀವು, ಮಾತೇ ಇಲ್ಲದೆ!

ಒಂದು ಶುಭಸುದ್ದಿ. ವರದಿ ಸಲ್ಲಿಸಿದೆ. ಹೊಸಬರಿಂದ ಇಂಥದ್ದನ್ನು ನಿರೀಕ್ಷಿಸಿರಲಿಲ್ಲ ಎಂದು ಮುಖ್ಯ ಎಂಜಿನಿಯರರು ಎಲ್ಲರೆದುರು ಹೇಳಿದರು. ಇಪ್ಪತ್ತನಾಲ್ಕರಂದು ಸಮಿತಿಯ ಸಭೆ. ಅಲ್ಲಿ ಒಪ್ಪಿಗೆಯಾದರೆ ತಿಂಗಳ ಕೊನೆಗೆ ಗೇಟುಗಳು ತೆರೆಯುತ್ತವೆ.

ನಿಮ್ಮ ಮಗಳು


ಮಾರ್ಚ್ 9

ಮಗಳೇ,

ಗೇಟು ತೆರೆಸಬೇಡ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಕಾಗದ ಹರಿದುಹಾಕುತ್ತೇನೆ. ನಾಲ್ಕು ಹರಿದಿದ್ದೇನೆ.

ಆ ವರ್ಷ ಅಕ್ಟೋಬರ್ ಮೊದಲ ವಾರ ಒಂದು ಅಚ್ಚಿನ ಹಲಗೆ ಬಿಟ್ಟುಕೊಂಡು ಹಸಿ ಕಾಂಕ್ರೀಟು ಹೊರಗೆ ನುಗ್ಗಿತು. ಇದ್ದಬದ್ದವರೆಲ್ಲ ಓಡಿದೆವು. ನಾನು ತೂತುಬಿದ್ದ ರಬ್ಬರು ಬೂಟು ಹಾಕಿಕೊಂಡು ಅರ್ಧ ದಿನ ಅದರಲ್ಲೇ ನಿಂತು ಬುಟ್ಟಿ ಎತ್ತಿದೆ. ಹಸಿ ಸಿಮೆಂಟು ಬೆಂಕಿಯ ಹಾಗೆ ಸುಡುವುದಿಲ್ಲ, ಅದು ಮೋಸಗಾರ. ಬೆಚ್ಚಗೆ, ಹಿತವಾಗಿಯೇ ಇತ್ತು. ಸಂಜೆ ಬೂಟು ಕಳಚಿದರೆ ಅಂಗಾಲಿನ ಚರ್ಮ ಕಾಲುಚೀಲದ ಜೊತೆ ಬಂತು. ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಚೀಟಿ ಸಾಹೇಬನ ಮೇಜಿಗೆ ಹೋಗುತ್ತಿತ್ತು. ಜ್ವರ ಎಂದು ಹೇಳಿ ನಾಲ್ಕು ದಿನ ಮಲಗಿದೆ. ಐದನೆಯ ದಿನ ಎದ್ದು ನೆಲದ ಮೇಲೆ ಕಾಲಿಟ್ಟೆ. ನೋವಿರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಆಮೇಲೆ ತಿಳಿಯಿತು, ನೋವಿರಲಿಲ್ಲ, ನೆಲವೂ ಇರಲಿಲ್ಲ. ಯಾರದೋ ಕಾಲು ಇಟ್ಟುಕೊಂಡು ನಡೆದ ಹಾಗೆ.

ಹೇಳಬೇಕಿತ್ತು. ಆದರೆ ಆ ಬೀಗದ ಕೋಣೆ ಪಾದದ ಕೆಲಸದವಳಿಗೆ ಮಾತ್ರ. ಬ್ರಷ್ಷಿನ ಹೆಂಗಸರು ಮಲಗುವುದು ಉದ್ದನೆಯ ಶೆಡ್ಡಿನಲ್ಲಿ, ಅಲ್ಲಿ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ಅಮ್ಮ ಇಲ್ಲದ ನಿನ್ನ ಅಮ್ಮನನ್ನು ಇಟ್ಟುಕೊಳ್ಳಲು ನೆಂಟರಲ್ಲಿ ಇಬ್ಬರು ಆಗಲೇ ಆಗದು ಎಂದು ಕೈ ಆಡಿಸಿದ್ದರು. ಕೋಣೆ ಹೋದರೆ ಅವಳು ಅನಾಥಾಲಯಕ್ಕೆ. ಸ್ವಲ್ಪ ದಿನದಲ್ಲಿ ಕಾಲು ಸರಿಹೋದೀತು, ಅಲ್ಲಿಯವರೆಗೆ ಕಣ್ಣಿನಿಂದ ಸುಧಾರಿಸೋಣ ಎಂದುಕೊಂಡೆ. ಹನ್ನೊಂದು ದಿನ, ಹನ್ನೊಂದು ಪದರ. ನಡೆದೆ, ‘ಒರಟು’ ಎಂದೆ, ಸಹಿ ಹಾಕಿದೆ. ಅನುಮಾನ ಬಂದಾಗಲೆಲ್ಲ ‘ಕೆನೆ’ ಎಂದು ಇನ್ನೊಮ್ಮೆ ಉಜ್ಜಿಸುತ್ತಿದ್ದೆ. ಅವರು ಬೈದುಕೊಂಡೇ ಉಜ್ಜುತ್ತಿದ್ದರು.

ಹನ್ನೊಂದನೆಯದು ನಿನ್ನ ಹತ್ತೊಂಬತ್ತನೆಯ ಬ್ಲಾಕು. ಹಿಂದಿನ ದಿನ ಹಸಿ ಕಾಂಕ್ರೀಟಿನ ಮೇಲೆ ತುಂತುರು ಬಿದ್ದಿತ್ತು. ಮಳೆ ಬಿದ್ದರೆ ಕೆನೆ ದಪ್ಪ ಕಟ್ಟುತ್ತದೆ. ಒಮ್ಮೆ ಉಜ್ಜಿ ಆಗಿತ್ತು, ಆದರೂ ಮೂಲೆಯ ಕಡೆ ಅದು ಹೊಳೆಯುತ್ತಿತ್ತು. ಕಣ್ಣು ನಿಲ್ಲು ಎಂದಿತು. ತೊಟ್ಟಿ ತಲೆಯ ಮೇಲೆ ಬಂದಾಗಿತ್ತು. ‘ಮಹಾರಾಣೀ, ಇಲ್ಲೇ ಗಟ್ಟಿಯಾಗ್ತದೆ ಮಾಲು, ಹೇಳು ಬೇಗ!’ ಎಂದು ಕ್ರೇನಿನವನು ಕಿರುಚುತ್ತಿದ್ದ. ನಾನು ಈ ಮೂಲೆಯಿಂದ ಆ ಮೂಲೆಗೆ ನಡೆದು ತಿರುಗಿ ನೋಡಿದರೆ, ಬಂದ ದಾರಿಯುದ್ದಕ್ಕೂ ಕೆಂಪು ಹೆಜ್ಜೆ. ಅಚ್ಚಿನಿಂದ ಬಿದ್ದ ಒಂದು ಮೊಳೆ ನನ್ನ ಹಿಮ್ಮಡಿಯಲ್ಲಿ ಪೂರ್ತಿ ಇಳಿದಿತ್ತು. ನನಗೆ ಗೊತ್ತಾಗಿರಲಿಲ್ಲ. ಬ್ರಷ್ಷಿನವರಲ್ಲಿ ಕೆಂಪು ರುಮಾಲು ಕಟ್ಟುವವಳೊಬ್ಬಳು, ಗಂಡ ಸತ್ತವಳು, ಆ ಹೆಜ್ಜೆ ನೋಡಿದಳು, ನನ್ನ ಮುಖ ನೋಡಿದಳು.

ನಾನು ‘ಒರಟು’ ಎಂದೆ.

ತೊಟ್ಟಿಯ ಬಾಯಿ ತೆರೆಯಿತು. ಆ ಹೆಜ್ಜೆಗಳ ಮೇಲೇ ಆರು ಟನ್ನು ಬಿತ್ತು.

ಅಂದು ಸಂಜೆ ಕೆಂಪು ರುಮಾಲಿನವಳ ಹತ್ತಿರ ಹೋಗಿ, ‘ಕೆಲಸ ನೀನು ತಗೋ, ಕೋಣೆ ನೀನು ತಗೋ, ನನ್ನ ತಂಗಿ ನಿನ್ನ ಕೋಣೇಲಿ ಇರಲಿ’ ಎಂದೆ. ಅವಳು ‘ಏಳನೇ ಪದರ?’ ಎಂದಳು. ‘ಅದು ಆಗೋಯ್ತು’ ಎಂದೆ. ಸಾಹೇಬನಿಗೆ, ಅವಳಿಗೆ ಕಷ್ಟ ಜಾಸ್ತಿ, ಅವಳಿಗೇ ಕೊಡಿ ಎಂದೆ. ಅವನು ನನ್ನ ಬೆನ್ನು ತಟ್ಟಿದ. ನಿಮ್ಮಮ್ಮ ಹೇಳುವ ಕಥೆ ಅಲ್ಲಿಂದ ಶುರುವಾದದ್ದು. ನನ್ನ ಜೀವನದಲ್ಲಿ ನಾನು ಪಡೆದ ಹೊಗಳಿಕೆ ಅದೊಂದೇ, ಮಗಳೇ. ಅದನ್ನು ಕಿತ್ತುಹಾಕಲು ಕೈ ಬರಲಿಲ್ಲ.

ಕಾಲು ಸರಿಹೋಗಲೇ ಇಲ್ಲ. ಹೋದ ಚಳಿಗಾಲ ಹೀಟರಿನ ಹತ್ತಿರ ಕೂತಿದ್ದೆ. ಅಂಗಾಲು ಸುಟ್ಟದ್ದು ಮೂಗಿಗೆ ಮೊದಲು ಗೊತ್ತಾಯಿತು. ನಿನಗೆ ಹೇಳಲಿಲ್ಲ.

ಈ ಕಾಗದ ಯಾರಿಗೆ ಬೇಕಾದರೂ ತೋರಿಸು.

ದೊಡ್ಡಮ್ಮ


ಮಾರ್ಚ್ 14

ದೊಡ್ಡಮ್ಮ,

ನಿಮ್ಮ ಪತ್ರ ಹನ್ನೊಂದರಂದು ತಲುಪಿತು. ಎರಡು ದಿನ ಉತ್ತರಿಸದೆ ಇದ್ದುದಕ್ಕೆ ಸಮಯದ ಅಭಾವ ಕಾರಣವಲ್ಲ. ನನಗೆ ಸಿಟ್ಟು ಬಂದಿತ್ತು. ಫೆಬ್ರವರಿಯಲ್ಲೇ ಹೇಳಿದ್ದರೆ ವರದಿ ಸಲ್ಲಿಸುತ್ತಿರಲಿಲ್ಲವಲ್ಲ ಎಂದು. ನಿಮ್ಮ ಪಾದದ ಬಗ್ಗೆ ಮೊದಲ ದಿನ ಒಂದು ಗಳಿಗೆಯೂ ಯೋಚಿಸಲಿಲ್ಲ. ಯೋಚಿಸಿದ್ದು ನನ್ನ ವರದಿಯ ಬಗ್ಗೆ. ಇದನ್ನು ಬರೆಯದೆ ಮುಂದಿನ ಸಾಲಿಗೆ ಹೋಗಲಾರೆ.

ಹಾಗೆಯೇ ಇದೂ ಸತ್ಯ: ಭುಜದ ಎತ್ತರವೇ ಎಂದು ಕೇಳಿದವರಿಗೆ ನಾನು ಎಲ್ಲೋ ಓದಿದ್ದನ್ನು ಬೋಧಿಸಿದೆ. ನೀರು ಬೆಚ್ಚಗಿದೆ ಎಂದವನಿಗೆ ಬೆವರಿನ ಪಾಠ ಮಾಡಿದೆ. ಒಂದು ಉಷ್ಣಮಾಪಕ ತೆಗೆದುಕೊಂಡು ಹೋಗಿ ನೋಡಲು ನನಗೆ ಹತ್ತು ನಿಮಿಷ ಸಾಕಿತ್ತು. ನಿನ್ನೆ ನೋಡಿದೆ. ಮಾರ್ಚ್ ಬಿಸಿಲಿಗೆ ಆಗಲೇ ತಳದ ನೀರಿಗಿಂತ ನಾಲ್ಕು ಡಿಗ್ರಿ ಬೆಚ್ಚಗಿದೆ. ಪಂಪಿನವರು ಪಕ್ಕದಲ್ಲೇ ನಿಂತಿದ್ದರು. ತಮ್ಮ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿಕೊಟ್ಟರು.

ಗೋಡೆಯಿಂದ ಕಾಂಕ್ರೀಟಿನ ಉರುಳೆಗಳನ್ನು ಕೊರೆದು ತೆಗೆಯಲು ಅನುಮತಿ ಪಡೆದಿದ್ದೇನೆ. ಸಭೆಯ ಹೊತ್ತಿಗೆ ನಿಮ್ಮ ಹನ್ನೊಂದರಲ್ಲಿ ನಾಲ್ಕು ಪದರಗಳಿಗೆ ಕೈ ಎಟುಕುತ್ತದೆ. ಉರುಳೆಗಳು ನೀವು ಹೇಳಿದ್ದನ್ನೇ ಹೇಳಿದರೆ ವರದಿಯನ್ನು ತಿದ್ದುತ್ತೇನೆ. ‘ಆ ಅವಧಿಯ ಕೆಲಸಗಾರರ ತಪಾಸಣೆ ವಿಶ್ವಾಸಾರ್ಹವಲ್ಲ’ ಎಂದಷ್ಟೇ ಬರೆಯುತ್ತೇನೆ. ನಿಮ್ಮ ಹೆಸರು ಎಲ್ಲಿಯೂ ಬರುವುದಿಲ್ಲ, ನಿಮ್ಮ ಪತ್ರವೂ ಹೊರಗೆ ಬರುವುದಿಲ್ಲ. ಅಮ್ಮನಿಗೂ ತಿಳಿಯಬೇಕಾಗಿಲ್ಲ.

ನಿಮ್ಮ ಮಗಳು


ಮಾರ್ಚ್ 18

ಮಗಳೇ,

ನೀನು ನನ್ನನ್ನು ಮುಚ್ಚಿಡಲು ಹೊರಟಿದ್ದೀಯ. ಪ್ರೀತಿಯಿಂದಲೇ, ಗೊತ್ತು. ಆದರೆ ನಿನ್ನ ಸಾಲನ್ನು ಇನ್ನೊಮ್ಮೆ ಓದು. ‘ಆ ಅವಧಿಯ ಕೆಲಸಗಾರರು’ ಎಂದರೆ ಯಾರು? ಬ್ರಷ್ಷು ಹಿಡಿದ ಹದಿನಾಲ್ಕು ಜನ. ಬೆರಳಿನ ಉಗುರು ಸವೆದವರು. ನಾನು ಸುಳ್ಳು ಸುಳ್ಳೇ ‘ಕೆನೆ’ ಎಂದಾಗಲೂ ಮತ್ತೆ ಕೂತು ಉಜ್ಜಿದವರು. ಈಗ ಅವರಲ್ಲಿ ಎಷ್ಟು ಜನ ಬದುಕಿದ್ದಾರೋ, ಅವರ ಮೊಮ್ಮಕ್ಕಳಲ್ಲಿ ಒಬ್ಬಳು ನಿನ್ನ ಹಾಗೆ ಓದಿ ಆ ವರದಿ ತೆಗೆದು ನೋಡಿದರೆ ಅವಳಿಗೆ ಏನು ತಿಳಿಯಬೇಕು? ನನ್ನ ಹೆಸರು ಬಿಟ್ಟರೆ ನನ್ನ ತಪ್ಪು ಅವರಿಗೆಲ್ಲ ಹಂಚಿಹೋಗುತ್ತದೆ.

ತಪ್ಪು ಬ್ರಷ್ಷಿನದಲ್ಲ. ಪಾದದ್ದೂ ಅಲ್ಲ, ಅದು ಸತ್ತಿತ್ತು ಪಾಪ. ಬಾಯಿಯದು. ಬಾಯಿ ನನ್ನದು. ಹಾಗೆಂದೇ ಬರೆ.

ನಿಮ್ಮಮ್ಮನಿಗೆ ನಾನೇ ಬರೆದು ಹಾಕಿದ್ದೇನೆ. ನಿನ್ನೆ ಪ್ರೆಸ್ಸಿಗೆ ಫೋನು ಮಾಡಿ ನನಗೆ ಕೇಳುವ ಹಾಗೆ ಕಿರುಚಿದಳು: ‘ನನ್ನ ಸಲುವಾಗಿ ಅಂತ ಒಂದು ಸಲನಾದ್ರೂ ಹೇಳಬಾರದಿತ್ತಾ ಅಕ್ಕಾ?’ ಇಡೀ ಪ್ರೆಸ್ಸು ಕೇಳಿಸಿಕೊಂಡಿತು. ‘ಹೇಳಿದ್ರೆ ನೀನು ಓದ್ತಿರಲಿಲ್ಲ, ಅಳ್ತಾ ಕೂತಿರ್ತಿದ್ದೆ, ಮೊದಲೇ ನೀನು ಅಳುಬುರುಕಿ’ ಎಂದೆ. ಆಮೇಲೆ ಇಬ್ಬರೂ ಅದನ್ನೇ ಮಾಡಿದೆವು.

ಕಾಗದವನ್ನು ಸಭೆಯಲ್ಲಿ ಇಡು.

ದೊಡ್ಡಮ್ಮ


ಮಾರ್ಚ್ 25

ದೊಡ್ಡಮ್ಮಾ,

ಗೇಟುಗಳು ತೆರೆಯುವುದಿಲ್ಲ.

ನಾಲ್ಕು ಉರುಳೆಗಳು ಬಂದವು. ಮೂರು ಇಡಿಯಾಗಿ ಬಂದವು, ದೊಡ್ಡಮ್ಮಾ. ಒಂದನ್ನು ಪಂಪಿನವರು ನೆಲದ ಮೇಲಿಟ್ಟು ಸುತ್ತಿಗೆಯಿಂದ ಬಡಿದರು. ಬೇರೆಲ್ಲೋ ಒಡೆಯಿತು, ಬೆಸುಗೆಯಲ್ಲಿ ಒಡೆಯಲಿಲ್ಲ. ನಿನ್ನ ಹದಿನಾಲ್ಕು ಜನ ಅಷ್ಟು ಚೆನ್ನಾಗಿ ಉಜ್ಜಿದ್ದಾರೆ. ನಾಲ್ಕನೆಯದು, ಹತ್ತೊಂಬತ್ತನೆಯ ಬ್ಲಾಕಿನದು, ಕೈಯಲ್ಲಿ ಹಿಡಿಯುತ್ತಿದ್ದಂತೆ ಎರಡಾಯಿತು. ನಡುವೆ ಕಾಗದದಷ್ಟು ತೆಳುವಾದ ಬಿಳಿ ಪೊರೆ. ನಾನು ಬೆರಳಿನಿಂದ ಸವರಿದೆ. ಸಾಬೂನೇ.

ಸಭೆಯಲ್ಲಿ ನಾನೇ ಎದ್ದು ನನ್ನ ಶಿಫಾರಸನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಶಾಲೆಗೆ ಸೇರಿದಂದಿನಿಂದ ಇಂದಿನವರೆಗೆ ಬರೆದು ಕೊಟ್ಟ ಉತ್ತರವನ್ನು ನಾನು ಹಿಂದಕ್ಕೆ ಕೇಳಿದವಳಲ್ಲ. ಅಧ್ಯಕ್ಷರು ನಿನ್ನ ಪತ್ರವನ್ನು ಬೆರಳ ತುದಿಯಲ್ಲಿ ಹಿಡಿದು, ‘ಪುಸ್ತಕದಲ್ಲಿ ಸರಿ ಅಂತಿದೆ. ನಲವತ್ತೈದು ವರ್ಷ ಆದ್ಮೇಲೆ ಯಾರೋ ಒಬ್ಬರು ಕಾಗದ ಬರೆದ್ರೆ ನಂಬಿಬಿಡೋದಾ?’ ಎಂದರು.

‘ಅದೇ ಒಬ್ಬರ ಸಹಿ ನಂಬಿ ತಾನೇ ಸರ್, ಜಲಾಶಯ ಖಾಲಿ ಮಾಡಿ ಅಂತ ನಾನು ಬರೆದದ್ದು?’

ಯಾರೋ ಕೆಮ್ಮಿದರು. ಅಧ್ಯಕ್ಷರು ಪತ್ರವನ್ನು ಮೊದಲಿನಿಂದ ಓದಿದರು, ನಿಧಾನವಾಗಿ. ಓದಿ ಮುಗಿಸಿ, ಇನ್ನೊಮ್ಮೆ ಎರಡನೆಯ ಹಾಳೆ ತೆಗೆದರು. ಆಮೇಲೆ, ‘ಇವರು ನಿಮಗೆ ಪರಿಚಯವೇ?’ ಎಂದರು.

ನನ್ನ ದೊಡ್ಡಮ್ಮ ಎಂದೆ. ಇಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಸ್ವಂತದವರೆಂದರೆ ಪಕ್ಷಪಾತ ಎಂದಾರು ಎಂಬ ಕಾರಣವನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ. ನಿಜವಾದ ಕಾರಣ ಅದಲ್ಲ, ನಾಚಿಕೆ. ನೀನು ಊಹಿಸಿರುತ್ತೀಯ, ಊಹಿಸಿಯೂ ಕೇಳಲಿಲ್ಲ. ಮೊದಲ ಪತ್ರದಿಂದ ನೀವು, ತಾವು ಎಂದು ಬರೆಯುತ್ತಿದ್ದ ನನ್ನನ್ನು ನೀನು ಹೇಗೆ ಸಹಿಸಿದೆಯೋ.

ಬರುವ ಸೋಮವಾರದಿಂದ ರಂಧ್ರ ಕೊರೆದು ಸಿಮೆಂಟು ಹಾಲು ತುಂಬುತ್ತಾರೆ. ಉಳಿದ ಏಳು ಪದರಗಳನ್ನೂ ಕೊರೆದು ನೋಡುತ್ತೇನೆ. ಹೊಸ ವರದಿಯ ಒಂಬತ್ತನೆಯ ಪುಟದಲ್ಲಿ ಎರಡು ವಾಕ್ಯಗಳಿವೆ. ಒಂದರಲ್ಲಿ ನಿನ್ನ ಪೂರ್ಣ ಹೆಸರು: ಸ್ಪರ್ಶಜ್ಞಾನ ಕಳೆದುಕೊಂಡಿದ್ದರೂ ಅದನ್ನು ತಿಳಿಸದೆ ಪದರವನ್ನು ಒಪ್ಪಿದರೆಂದು. ಮುಂದಿನದರಲ್ಲಿ ನನ್ನ ಪೂರ್ಣ ಹೆಸರು: ಸ್ಥಳದಲ್ಲಿ ಪರೀಕ್ಷಿಸದೆ ದಾಖಲೆಯನ್ನು ನಂಬಿದರೆಂದು. ಬ್ರಷ್ಷಿನವರ ಕೆಲಸ ಉತ್ತಮವಾಗಿತ್ತೆಂಬ ಮೂರನೆಯ ವಾಕ್ಯವನ್ನು ಸೇರಿಸಿದವರು ಅಧ್ಯಕ್ಷರು.

ಈಗ ನನ್ನದೊಂದು ಮಾತು. ನಿನ್ನ ಊರಿನ ನರರೋಗದ ವೈದ್ಯೆಯ ಬಳಿ ಏಪ್ರಿಲ್ ಆರಕ್ಕೆ ಸಮಯ ಗೊತ್ತುಮಾಡಿದ್ದೇನೆ. ನಾನು ಹಿಂದಿನ ದಿನವೇ ಬಂದು ಕರೆದುಕೊಂಡು ಹೋಗಬೇಕೆಂದಿದ್ದೆ; ಕೊರೆಯುವ ಯಂತ್ರ ಬಿಟ್ಟು ಬರುವಂತಿಲ್ಲ. ಅಮ್ಮ ಬರುತ್ತಾಳೆ. ಜಗಳ ಮಾಡದೆ ಹೋಗು.

ಮಗಳು


ಏಪ್ರಿಲ್ 8

ಮಗಳೇ,

ಜಗಳ ಮಾಡದೆ ಹೋದೆ. ದಾರಿಯಲ್ಲಿ ನಿಮ್ಮಮ್ಮನ ಜೊತೆ ಮಾಡಿದ್ದು ಲೆಕ್ಕಕ್ಕಿಲ್ಲ.

ವೈದ್ಯೆ ನಿನ್ನ ವಯಸ್ಸಿನವಳೇ, ನಿನ್ನ ಹಾಗೇ ಮೂಗಿನ ತುದಿಯಲ್ಲಿ ಗಾಂಭೀರ್ಯ. ಬಹುಶಃ ಅವಳೂ ತರಗತಿಗೆ ಮೊದಲು. ನನ್ನನ್ನು ಎತ್ತರದ ಹಾಸಿಗೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿ ಎಂದಳು. ಸೂಜಿಯ ಮೊನೆಯಿಂದ ಅಂಗಾಲು ಮುಟ್ಟುತ್ತೇನೆ, ಗೊತ್ತಾದರೆ ಹೇಳಿ ಎಂದಳು. ನಿಮ್ಮಮ್ಮ ನನ್ನ ತಲೆಯ ಹತ್ತಿರ ನಿಂತು ಉಸಿರು ಬಿಗಿಹಿಡಿದಿದ್ದಳು. ಅವಳಿಗೆ ಸಮಾಧಾನವಾಗಲಿ ಎಂದು ‘ಹೂಂ’ ಅಂದುಬಿಡೋಣ ಎಂದು ಮನಸ್ಸಿಗೆ ಬಂತು. ನಿಜವಾಗಿ ಬಂತು.

‘ಈಗ?’

‘ಇಲ್ಲಮ್ಮ.’

‘ಇಲ್ಲಿ?’

‘ಇಲ್ಲ.’

ಬಲಗಾಲು ಪೂರ್ತಿ ಇಲ್ಲ. ಹಿಮ್ಮಡಿ ಎರಡೂ ಇಲ್ಲ. ಹತ್ತೋ ಹನ್ನೆರಡೋ ಸಲ ಇಲ್ಲ ಎಂದೆ. ಅವಳು ಒಂದು ಕಾಗದದ ಮೇಲೆ ಪಾದದ ಚಿತ್ರ ಬರೆದು ಗುರುತು ಹಾಕುತ್ತಾ ಹೋದಳು. ಕೊನೆಗೆ ಎಡಗಾಲಿನ ಕಿರುಬೆರಳಿನ ಕೆಳಗೆ ಏನೋ ಆಯಿತು. ಇರುವೆ ಕಚ್ಚಿದಷ್ಟೂ ಅಲ್ಲ. ನಾನು ಕೂಡಲೇ ‘ಹೂಂ’ ಅನ್ನಲಿಲ್ಲ. ‘ಇನ್ನೊಂದು ಸಲ ಮುಟ್ಟಮ್ಮ’ ಎಂದೆ. ಮುಟ್ಟಿದಳು. ‘ಇನ್ನೊಂದು ಸಲ.’ ನಿಮ್ಮಮ್ಮ ‘ಏನಕ್ಕಾ, ಏನಾಯ್ತು?’ ಎಂದು ಹೆದರಿದಳು. ‘ಸುಮ್ಮನಿರೇ, ಅವಸರ ಮಾಡಬೇಡ’ ಎಂದೆ.

ಮೂರನೆಯ ಸಲ ಮುಟ್ಟಿದ ಮೇಲೆ ಹೇಳಿದೆ, ಇದೆ ಎಂದು.

ದೊಡ್ಡಮ್ಮ